ಕಾರ್ಡು-ಗೀರ್ಡು ಎಲ್ಲ ಯಾಕೆ ಬೇಕು?

“ಸಮುದ್ರದ ದಂಡೇಲಿ ಮದುವೆ. ಸಮುದ್ರಾನೇ ಅಲಂಕಾರ ಅಲ್ವಾ? ಅದಕ್ಕೆ ಮತ್ತೆ ಕಾರ್ಡು-ಗೀರ್ಡು ಎಲ್ಲ ಯಾಕೆ ಬೇಕು?”

ಮದುವೆಗಳ ಕಾಗದದ ಕೆಲಸ ನನ್ನದು. ಆಮಂತ್ರಣ, ಅದರ ಜೊತೆ ಹೋಗುವ ವಿವರದ ಚೀಟಿ, ಕುರ್ಚಿಯ ಮೇಲಿನ ಹೆಸರು, ಕಾರ್ಯಕ್ರಮದ ಹಾಳೆ, ದಾರಿ ತೋರಿಸುವ ಬೋರ್ಡು, ಇವನ್ನೆಲ್ಲ ಬರೆದು, ಅಚ್ಚು ಹಾಕಿಸಿ, ಮದುವೆಯ ದಿನ ನಾನೇ ನಿಂತು ಇಡಿಸುತ್ತೇನೆ. ಅದರಲ್ಲೂ ಸಮುದ್ರ ತೀರದ ಮದುವೆಗಳೇ ಹೆಚ್ಚು. ಹಾಗಾಗಿ ಈ ಪ್ರಶ್ನೆ ಕೇಳದೆ ಒಂದು ತಿಂಗಳೂ ಕಳೆಯುವುದಿಲ್ಲ. ಹುಡುಗನ ಅಣ್ಣ ಕೇಳುತ್ತಾರೆ, ಹುಡುಗಿಯ ಚಿಕ್ಕಮ್ಮ ಕೇಳುತ್ತಾರೆ, ಕುರ್ಚಿ ಜೋಡಿಸುವವರೂ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಆ “ಗೀರ್ಡು”. ಪುಸ್ತಕ-ಗಿಸ್ತಕ, ಕೆಲಸ-ಗಿಲಸ ಅನ್ನುವಾಗ ಆ ಎರಡನೆಯ ಪದದೊಳಗೆ ಏನಿದೆ ಅಂತ ಯಾರೂ ನೋಡುವುದಿಲ್ಲ. ಹೆಸರು ಹಿಡಿದು ಹೇಳುವಷ್ಟು ಮುಖ್ಯವಲ್ಲದ್ದನ್ನೆಲ್ಲ ಅದರಲ್ಲಿ ತುಂಬಿ ಬದಿಗಿಡುತ್ತೇವೆ. ನನ್ನ ಕೆಲಸದ ಮುಕ್ಕಾಲು ಪಾಲು ಆ ಗೀರ್ಡಿನೊಳಗಿದೆ. ಆಮಂತ್ರಣ ಪತ್ರಿಕೆಯನ್ನು ಎಲ್ಲರೂ ಹೊಗಳುತ್ತಾರೆ. ಬಂದವರು ಎಲ್ಲಿ ಚಪ್ಪಲಿ ಬಿಡಬೇಕು, ಎಲ್ಲಿ ಕೂರಬೇಕು, ಕತ್ತಲಾದ ಮೇಲೆ ಯಾವ ಕಡೆ ನಡೆದರೆ ರಸ್ತೆ ಸಿಗುತ್ತದೆ ಅಂತ ಹೇಳುವ ಕಾಗದ ಮಾತ್ರ ಗೀರ್ಡು.

ಉತ್ತರ: ಬೇಕು. ಕಲ್ಯಾಣ ಮಂಟಪಕ್ಕಿಂತ ಅಲ್ಲೇ ಹೆಚ್ಚು ಬೇಕು. ಮಂಟಪಕ್ಕೆ ಬಾಗಿಲಿದೆ, ಗೋಡೆಯಿದೆ, ಮೆಟ್ಟಿಲಿದೆ. ಒಳಗೆ ಕಾಲಿಟ್ಟವರಿಗೆ ಯಾವುದು ಮುಂದೆ ಯಾವುದು ಹಿಂದೆ ಅಂತ ಕಟ್ಟಡವೇ ಹೇಳಿಬಿಡುತ್ತದೆ. ಬಯಲು ಮರಳಿನ ಮೇಲೆ ಅದನ್ನು ಹೇಳುವುದು ಏನೂ ಇಲ್ಲ. ನೂರು ಜನ ಬಂದು ಇಳಿದರೆ ನೂರು ಜನವೂ ಬಂದಲ್ಲೇ ನಿಲ್ಲುತ್ತಾರೆ. ಹೊಸದಾಗಿ ಬಂದ ನೆಂಟರಂತೂ ಯಾರನ್ನು ಕೇಳುವುದು ಅಂತ ಸಂಕೋಚಪಟ್ಟು ಕೊನೆಯವರೆಗೂ ಅಂಚಿನಲ್ಲೇ ಉಳಿಯುತ್ತಾರೆ. ಗೋಡೆ ಮಾಡುವ ಕೆಲಸವನ್ನು ಅಲ್ಲಿ ಕಾಗದ ಮಾಡಬೇಕು.

“ಫೋನಿಗೆ ಕಳಿಸಿದರೆ ಆಗಲ್ವಾ?” ಕಳಿಸಿ, ನನ್ನ ತಕರಾರಿಲ್ಲ. ಆದರೆ ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ, ನೇರ ಬಿಸಿಲಿನ ಬೆಳಕು ಸುಮಾರು 1,00,000 ಲಕ್ಸ್. ಒಳ್ಳೆಯ ಬೆಳಕಿರುವ ಕಚೇರಿಯಲ್ಲಿ 500ರ ಆಸುಪಾಸು. ಬಯಲಿನಲ್ಲಿ ಫೋನಿನ ಪರದೆ ಕನ್ನಡಿಯಾಗುತ್ತದೆ, ಅದರಲ್ಲಿ ನಿಮ್ಮ ಮುಖ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಕಾಗದಕ್ಕೆ ಬಿಸಿಲು ಬಿದ್ದಷ್ಟೂ ಅಕ್ಷರ ಎದ್ದು ಕಾಣುತ್ತದೆ. ಅದೂ ಬೆಳ್ಳಗೆ ಹೊಳೆಯುವ ಕಾಗದವಲ್ಲ, ಕೆನೆ ಬಣ್ಣದ, ಹೊಳಪಿಲ್ಲದ ಕಾಗದ. ಹೊಳೆಯುವ ಬಿಳಿಯನ್ನು ಬಿಸಿಲಲ್ಲಿ ಹಿಡಿದರೆ ಕಣ್ಣು ಮುಚ್ಚಬೇಕಾಗುತ್ತದೆ.

ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣವಿದೆ. ಸಮುದ್ರ ತೀರದಲ್ಲಿ ನಾನು ಮಾಡಿದ ಮೊದಲ ಮದುವೆ. ನೂರಿಪ್ಪತ್ತು ಹೆಸರಿನ ಕಾರ್ಡು. ಎ6 ಹಾಳೆಯನ್ನು ನಡುವೆ ಮಡಚಿ ಡೇರೆಯ ಹಾಗೆ ನಿಲ್ಲಿಸುವಂಥದ್ದು. 160 ಜಿಎಸ್‌ಎಂ ಕಾಗದ, ಅಂದರೆ ಒಂದು ಚದರ ಮೀಟರಿಗೆ 160 ಗ್ರಾಂ ತೂಗುವಂಥದ್ದು, ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಎರಡು ರಾತ್ರಿ ಕೂತು ತೆಗೆದದ್ದು. ಒಂದೊಂದು ಕಾರ್ಡಿನ ತೂಕ ಎರಡೂವರೆ ಗ್ರಾಂ. ಬೆಳಿಗ್ಗೆ ಇಟ್ಟಾಗ ಎಲೆಯೂ ಅಲುಗುತ್ತಿರಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಗಾಳಿ ಶುರುವಾಯಿತು. ಮೊದಲು ಒಂದು ಕಾರ್ಡು ಮಗುಚಿತು, ಆಮೇಲೆ ಒಂದು ಸಾಲು, ಆಮೇಲೆ ಲೆಕ್ಕವಿಲ್ಲ. ಮಕ್ಕಳು ಕೇಕೆ ಹಾಕುತ್ತ ಹಿಂದೆ ಓಡಿದರು, ದೊಡ್ಡವರೂ ನಕ್ಕರು. ನಾನೂ ಓಡಿದೆ, ನನಗೆ ನಗು ಬರಲಿಲ್ಲ.

ಸಂಜೆ ಎಲ್ಲರೂ ಸಿಕ್ಕಸಿಕ್ಕಲ್ಲಿ ಕೂತಿದ್ದರು. ಕೊನೆಯ ಸಾಲಿನ ಪಕ್ಕದಲ್ಲಿ ಒಬ್ಬರು ಅಜ್ಜಿ ನಿಂತೇ ಇದ್ದರು. ಕೈಯಲ್ಲಿ ಒಂದು ಕಾರ್ಡು. ಒದ್ದೆ ಬೆರಳಲ್ಲಿ ಹಿಡಿದಿದ್ದರಿಂದ ನೀಲಿ ಶಾಯಿ ಕರಗಿ ಹೆಬ್ಬೆರಳಿನ ಗೆರೆಗಳೊಳಗೆ ಇಳಿದಿತ್ತು. ಅಕ್ಷರಗಳ ಜಾಗದಲ್ಲಿ ಮೋಡದಂಥ ಕಲೆ. “ಇದರಲ್ಲಿ ನನ್ನ ಹೆಸರಿತ್ತು ಮಗಾ. ಈಗ ಕಾಣಿಸ್ತಿಲ್ಲ. ನಾನೆಲ್ಲಿ ಕೂರ್ಲಿ?” ಅಂದರು. ನಾನು ಅವರಿಗೆ ಒಂದು ಕುರ್ಚಿ ತಂದುಕೊಟ್ಟೆ. ಆದರೆ ಮೊಮ್ಮಗಳ ಮದುವೆಯಲ್ಲಿ ಅವರಿಗೆಂದೇ ಒಂದು ಜಾಗವಿತ್ತು, ಮುಂದಿನ ಸಾಲಿನಲ್ಲಿ. ಆ ಹೊತ್ತಿಗೆ ಅಲ್ಲಿ ಬೇರೆ ಯಾರೋ ಕೂತಿದ್ದರು. ಅಜ್ಜಿ ಮದುವೆಯನ್ನು ಹಿಂದಿನಿಂದ ನೋಡಿದರು. ಅದು ನನ್ನ ತಪ್ಪು. ಅದನ್ನು ಗೀರ್ಡು ಅನ್ನಬೇಡಿ.

ಆಮೇಲೆ ಕಲಿತೆ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನ. ನೆಲದ ಮೇಲಿನ ಬಿಸಿ ಗಾಳಿ ಮೇಲೇರುತ್ತದೆ, ಆ ಜಾಗ ತುಂಬಲು ಸಮುದ್ರದ ಕಡೆಯಿಂದ ತಂಪು ಗಾಳಿ ನುಗ್ಗುತ್ತದೆ. ಅದರ ಜೋರು ಮಧ್ಯಾಹ್ನದ ಮೇಲೆ, ಅಂದರೆ ಎಲ್ಲರೂ ಸಮುದ್ರ ತೀರದ ಮದುವೆ ಇಟ್ಟುಕೊಳ್ಳುವ ಹೊತ್ತಿಗೇ. ಬೆಳಿಗ್ಗೆಯ ಶಾಂತಿ ನೋಡಿ ಮೋಸಹೋಗಬಾರದು. ಬ್ರಿಟನ್ನಿನ ನೌಕಾಪಡೆಯ ಅಧಿಕಾರಿ ಫ್ರಾನ್ಸಿಸ್ ಬ್ಯೂಫರ್ಟ್ 1805ರಲ್ಲಿ ಗಾಳಿಯ ಜೋರನ್ನು ಅಂಕಿಗಳಲ್ಲಿ ಹೇಳುವ ಕ್ರಮ ಮಾಡಿದ. ಆಗ ಅದು ಹಡಗಿನ ಹಾಯಿಗಳ ಲೆಕ್ಕ. ನೆಲದ ಮೇಲಿನ ಗುರುತುಗಳನ್ನು ನಂತರದವರು ಸೇರಿಸಿದರು. ಅದರ ನಾಲ್ಕನೇ ಮೆಟ್ಟಿಲು ಗಂಟೆಗೆ 20ರಿಂದ 28 ಕಿಲೋಮೀಟರ್. ಅದಕ್ಕೆ ಕೊಟ್ಟಿರುವ ಗುರುತು, ಧೂಳು ಮತ್ತು ಬಿಡಿ ಕಾಗದ ಮೇಲೇಳುವುದು. ಬಿಡಿ ಕಾಗದ! ನನ್ನ ನೂರಿಪ್ಪತ್ತು ಕಾರ್ಡುಗಳ ಗತಿ ಆ ಪಟ್ಟಿಯಲ್ಲಿ ಮೊದಲೇ ಬರೆದಿತ್ತು.

ಕಾಗದ ದಪ್ಪ ಮಾಡಿದರೆ ನಿಲ್ಲುತ್ತದೆ ಅನ್ನುವವರಿದ್ದಾರೆ. ನಿಲ್ಲುವುದಿಲ್ಲ. ಅದೇ ಕಾರ್ಡನ್ನು 300 ಜಿಎಸ್‌ಎಂಗೆ ಏರಿಸಿದರೂ ಐದು ಗ್ರಾಂ ತುಂಬುವುದಿಲ್ಲ. ತೂಕ ಕಾಗದದಿಂದ ಬರಬಾರದು, ಅದು ಕೂತ ಜಾಗದಿಂದ ಬರಬೇಕು. ಮರದ ತುಂಡಿಗೆ ಸೀಳು ಹಾಕಿ ಕಾರ್ಡನ್ನು ಅದರಲ್ಲಿ ಸಿಕ್ಕಿಸುತ್ತೇನೆ, ಇಲ್ಲವೇ ಎರಡು ತೂತು ಹೊಡೆದು ಕುರ್ಚಿಯ ಬೆನ್ನಿಗೆ ದಾರದಲ್ಲಿ ಕಟ್ಟುತ್ತೇನೆ. ಒಂದೇ ತೂತಾದರೆ ಗಿರಗಿರ ತಿರುಗಿ ಹೆಸರು ಹಿಂದಾಗುತ್ತದೆ. ಬೋರ್ಡುಗಳ ವಿಷಯ ಇನ್ನೂ ಗಂಭೀರ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. 60ಕ್ಕೆ 90 ಸೆಂಟಿಮೀಟರಿನ ಸ್ವಾಗತದ ಬೋರ್ಡನ್ನು ಗಂಟೆಗೆ 18 ಕಿಲೋಮೀಟರಿನ ಗಾಳಿ ಸುಮಾರು ಒಂದು ಕಿಲೋ ಭಾರದಷ್ಟು ತಳ್ಳಿದರೆ, 36 ಕಿಲೋಮೀಟರಿನ ಗಾಳಿ ನಾಲ್ಕು ಕಿಲೋದಷ್ಟು ತಳ್ಳುತ್ತದೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಒರಗಿಸಿಟ್ಟದ್ದು ಯಾರ ಕಾಲ ಮೇಲಾದರೂ ಬೀಳಬಹುದು. ನನ್ನ ಬೋರ್ಡುಗಳ ಕಾಲು ಒಂದೂವರೆ ಅಡಿ ಮರಳಿನೊಳಗೆ ಹೋಗುತ್ತವೆ, ಇಲ್ಲವಾದರೆ ಬುಡಕ್ಕೆ ಮರಳಿನ ಚೀಲ ಬೀಳುತ್ತದೆ.

ಶಾಯಿಯ ಮಾತು ಒಂದೇ: ಡೈ ಶಾಯಿ ಬೇಡ. ಅದು ನೀರಲ್ಲಿ ಕರಗಿದ ಬಣ್ಣ, ನೀರು ಕಂಡರೆ ಮತ್ತೆ ಕರಗುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣ ಕಣಗಳಾಗಿ ಕಾಗದದ ಮೇಲೆ ಕೂರುತ್ತದೆ; ಲೇಸರ್ ಪ್ರಿಂಟರಿನ ಟೋನರ್ ಅಂದರೆ ಕರಗಿ ಅಂಟಿದ ಪ್ಲಾಸ್ಟಿಕ್ ಪುಡಿ. ಎರಡೂ ಒದ್ದೆ ಕೈಯನ್ನು ತಡೆಯುತ್ತವೆ. ಹಾಗಂತ ಒಂದು ಮಗ್ಗುಲಿಗೆ ಮಾತ್ರ ಲ್ಯಾಮಿನೇಷನ್ ಮಾಡಿಸಬೇಡಿ. ತೆರೆದ ಮಗ್ಗುಲು ತೇವ ಹೀರಿ ಹಿಗ್ಗುತ್ತದೆ, ಮುಚ್ಚಿದ್ದು ಹಿಗ್ಗುವುದಿಲ್ಲ, ಸಂಜೆಯೊಳಗೆ ಕಾರ್ಡು ಸುರುಳಿ. ಕಬ್ಬಿಣದ ಪಿನ್ನೂ ಬೇಡ, ಉಪ್ಪುಗಾಳಿಗೆ ತುಕ್ಕಿನ ಕಲೆ ಬೀಳುತ್ತದೆ.

ಈಗ ಚಿಪ್ಪಿನ ವಿಷಯ. ಕಾರ್ಡು-ಗೀರ್ಡು ಯಾಕೆ ಅಂತ ಕೇಳಿದವರೇ ಮುಂದಿನ ಮಾತಿನಲ್ಲಿ, “ಹೋಗಲಿ, ಪ್ರತಿ ಕಾರ್ಡಿಗೂ ಒಂದೊಂದು ನಕ್ಷತ್ರಮೀನು ಅಂಟಿಸಿಬಿಡಿ, ಥೀಮ್ ಆಗುತ್ತೆ” ಅನ್ನುತ್ತಾರೆ. ಅಂಟಿಸುವುದಿಲ್ಲ. ಎಷ್ಟು ದೊಡ್ಡ ಮದುವೆಯಾದರೂ ಅಂಟಿಸುವುದಿಲ್ಲ. ನಕ್ಷತ್ರಮೀನು ಒಂದು ಪ್ರಾಣಿ. ಅದರ ತೋಳುಗಳ ಅಡಿಯಲ್ಲಿ ನೂರಾರು ಪುಟ್ಟ ಕೊಳವೆಗಾಲುಗಳಿವೆ, ಸಮುದ್ರದ ನೀರನ್ನೇ ಮೈಯೊಳಗೆ ತುಂಬಿಕೊಂಡು ಅದು ನಡೆಯುತ್ತದೆ. ಅಂಗಡಿಯ ಪೊಟ್ಟಣದಲ್ಲಿ ಒಂದೇ ಅಳತೆಯ ಐವತ್ತು ನಕ್ಷತ್ರಗಳು ಸಿಗುತ್ತವಲ್ಲ, ಅವು ಸತ್ತು ದಡಕ್ಕೆ ಬಂದವಲ್ಲ, ಹಿಡಿದು ಒಣಗಿಸಿದವು. ಎರಡು ಜೀವ ಜೊತೆಯಾಗುವ ದಿನ ನೂರು ಜೀವ ಮೇಜಿನ ಮೇಲೆ ಒಣಗಿ ಬಿದ್ದಿರುವುದನ್ನು ನನ್ನ ಕೈ ಜೋಡಿಸಲಾರದು.

ಖಾಲಿ ಚಿಪ್ಪಾದರೆ ಪರವಾಗಿಲ್ಲವೇ? ಅದೂ ಖಾಲಿಯಲ್ಲ. ಸನ್ಯಾಸಿ ಏಡಿಯ ಹೊಟ್ಟೆಯ ಭಾಗ ಮೆತ್ತಗೆ, ಅದಕ್ಕೆ ಸ್ವಂತ ಕವಚವಿಲ್ಲ. ಬಸವನಹುಳುಗಳು ಬಿಟ್ಟುಹೋದ ಚಿಪ್ಪೇ ಅದರ ಮನೆ, ಬೆಳೆದಂತೆ ಇನ್ನೂ ದೊಡ್ಡದನ್ನು ಹುಡುಕಿಕೊಂಡು ಹೋಗುತ್ತದೆ. ನಾವು ಆರಿಸಿ ತಂದ ಚಂದದ ಚಿಪ್ಪು ಅದಕ್ಕೆ ಬೇಕಿದ್ದ ಮನೆಯಾಗಿರಬಹುದು. ಅತಿಥಿಗಳಿಗೆ ಉಡುಗೊರೆಯಾಗಿ ದೊಡ್ಡ ಶಂಖ ಕೊಡುವವರು ಇನ್ನೊಂದನ್ನೂ ತಿಳಿದಿರಬೇಕು. ಕ್ವೀನ್ ಕಾಂಕ್ ಎಂಬ ಶಂಖ 1992ರಿಂದ, ಸಮುದ್ರಕುದುರೆಗಳು 2004ರಿಂದ, ಸುರುಳಿ ಚಿಪ್ಪಿನ ನಾಟಿಲಸ್ 2017ರಿಂದ, ವನ್ಯಜೀವಿಗಳ ವ್ಯಾಪಾರದ ಬಗೆಗಿನ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣದಲ್ಲಿವೆ. ದೂರದೇಶದಿಂದ ಬಂದ ನೆಂಟರು ನಿಮ್ಮ ಉಡುಗೊರೆಗಾಗಿ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳಬಹುದು. ಚಿಪ್ಪು ಬೇಕೇ ಬೇಕಾದರೆ ಹೇಳಿ, ನಾನು ಚಿತ್ರ ಬರೆದುಕೊಡುತ್ತೇನೆ. ಒಂದು ಚಿಪ್ಪಿನ ಗೆರೆಗಳನ್ನು ಸರಿಯಾಗಿ ಬರೆಯಲು ನನಗೆ ಅರ್ಧ ದಿನ ಬೇಕು, ಆ ಅರ್ಧ ದಿನವನ್ನು ಸಂತೋಷದಿಂದ ಕೊಡುತ್ತೇನೆ.

ದೀಪದ ಸರಗಳ ಬಗ್ಗೆಯೂ ಇದೇ ಮಾತು. ಆಮೆಗಳು ಮೊಟ್ಟೆಯಿಡುವ ದಂಡೆಯಾದರೆ, ಆ ಕಾಲದಲ್ಲಿ ಪ್ರಖರ ಬಿಳಿ ದೀಪ ಹಚ್ಚಬೇಡಿ. ಮೊಟ್ಟೆಯೊಡೆದು ಬಂದ ಮರಿಗಳು ರಾತ್ರಿಯಲ್ಲಿ ಬೆಳಕು ಹೆಚ್ಚಿರುವ ಕಡೆಗೆ ಹೋಗುತ್ತವೆ. ಕತ್ತಲ ದಂಡೆಯಲ್ಲಿ ಅದು ಸಮುದ್ರ. ನಿಮ್ಮ ಚಪ್ಪರ ಅದಕ್ಕಿಂತ ಬೆಳಗಿದರೆ ಅವು ಚಪ್ಪರಕ್ಕೆ ಬರುತ್ತವೆ.

ಎಲ್ಲರೂ ಯಾಕೆ ಬೇಕು ಅಂತ ಕೇಳುತ್ತಾರೆ. ನನಗೆ ಬೇಕಾದ ಪ್ರಶ್ನೆ ಬೇರೆ: ಬರುವವರಿಗೆ ಏನು ಗೊತ್ತಿರಬೇಕು? ಇದನ್ನು ಯಾರಾದರೂ ಕೇಳಿದರೆ ನಾನು ರಾತ್ರಿಯಿಡೀ ಕೂತು ಮಾತಾಡಿಯೇನು.

ಉದಾಹರಣೆಗೆ, ಆಮಂತ್ರಣದ ಮೇಲೆ ಅಚ್ಚಾಗುವ ಗಂಟೆ. ಜೋಡಿಗಳು ಜಾಗ ನೋಡಲು ಒಂದು ವಾರ ಮೊದಲು ಹೋಗುತ್ತಾರೆ, ಅದೇ ಸಂಜೆ ಐದಕ್ಕೆ. ಉದ್ದಗಲಕ್ಕೂ ಒಣ ಮರಳು, ಖುಷಿಯೋ ಖುಷಿ. ಆದರೆ ಹೆಚ್ಚಿನ ದಂಡೆಗಳಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ ಬರುತ್ತದೆ, ಅದು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಏಳು ದಿನಕ್ಕೆ ಆರು ಗಂಟೆ. ಅಂದರೆ ಒಂದು ವಾರದ ಹಿಂದೆ ಐದು ಗಂಟೆಗೆ ಇಳಿತ ಕಂಡಿದ್ದರೆ, ಮದುವೆಯ ದಿನ ಐದು ಗಂಟೆಗೆ ಉಬ್ಬರ! ಕುರ್ಚಿ ಇಡಬೇಕೆಂದಿದ್ದ ಜಾಗದಲ್ಲಿ ಅಲೆ. ನೋಡಲೇಬೇಕಿದ್ದರೆ ಒಂದು ಪಕ್ಷ ಮೊದಲು ಹೋಗಿ. ಹುಣ್ಣಿಮೆಗೆ ಮದುವೆಯಾದರೆ ಅದರ ಹಿಂದಿನ ಅಮಾವಾಸ್ಯೆಗೆ, ಅದೇ ಹೊತ್ತಿಗೆ. ನೀರು ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ಉಬ್ಬರದ ಪಟ್ಟಿ ನೋಡದೆ ನಾನು ಯಾವ ಆಮಂತ್ರಣವನ್ನೂ ಅಚ್ಚಿಗೆ ಕಳಿಸುವುದಿಲ್ಲ. ನಾಲ್ಕು ಸಲ ಗಂಟೆ ಬದಲಾಯಿಸಿದ್ದೇನೆ, ಮನೆಯವರ ಹತ್ತಿರ ಬೈಸಿಕೊಂಡೂ ಬದಲಾಯಿಸಿದ್ದೇನೆ.

ವಿವರದ ಚೀಟಿಯಲ್ಲಿ “ಮರಳಿನ ಮೇಲೆ ಇನ್ನೂರು ಹೆಜ್ಜೆ ನಡೆಯಬೇಕು” ಅಂತ ಒಂದು ಸಾಲು ಬರೆಯಿರಿ. ಆ ಒಂದು ಸಾಲಿನಿಂದ ಹಿಮ್ಮಡಿ ಎತ್ತರದ ಚಪ್ಪಲಿ ಮನೆಯಲ್ಲೇ ಉಳಿಯುತ್ತದೆ, ಊರುಗೋಲು ಮರೆಯದೆ ಬರುತ್ತದೆ, ಗಾಲಿಕುರ್ಚಿಯಲ್ಲಿ ಬರುವವರು ಮೊದಲೇ ಫೋನ್ ಮಾಡುತ್ತಾರೆ, ನೀವು ಹಲಗೆ ಹಾಸಿಡುತ್ತೀರಿ.

ನನಗೆ ಬೇಕಾದ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಒಬ್ಬಳು ಹುಡುಗಿ ಕೇಳಿದ್ದಾಳೆ. “ನಮ್ಮ ತಾತನಿಗೆ ಒಂದೇ ಕಣ್ಣು ಕಾಣೋದು. ಯಾರನ್ನೂ ಕೇಳೋಕೆ ಅವರಿಗೆ ಇಷ್ಟ ಇಲ್ಲ. ಅವರೇ ನಡ್ಕೊಂಡು ಬಂದು ಅವರ ಕುರ್ಚಿ ಹುಡುಕ್ಕೋಬೇಕು. ಆಗುತ್ತಾ?” ಆಗುತ್ತೆ ಕಣಮ್ಮ ಅಂದೆ. ಹಿಂದಿನ ದಿನ ಅದೇ ಹೊತ್ತಿಗೆ ಹೋಗಿ ಬರೀ ಹಾಳೆ ಹಿಡಿದು ನಿಂತೆ, ಬಿಸಿಲು ಎಲ್ಲಿಂದ ಬೀಳುತ್ತದೆ ಅಂತ ನೋಡಿದೆ. ದಾರಿಯುದ್ದಕ್ಕೂ ಸೊಂಟದೆತ್ತರಕ್ಕೆ ಹಗ್ಗ, ತಿರುವಿನಲ್ಲಿ ಒಂದೊಂದು ಬೋರ್ಡು. ಕೆನೆ ಬಣ್ಣದ ಕಾಗದದ ಮೇಲೆ ಕಪ್ಪು ಅಕ್ಷರ, ಸಪೂರ ಗೆರೆಯ ಅಲಂಕಾರದ ಅಕ್ಷರವಲ್ಲ, ದಪ್ಪದ್ದು, ಎರಡು ಬೆರಳಗಲ.

ಮಾರನೆಯ ದಿನ ಮೂರೂವರೆಗೆ ಗಾಳಿ ಎದ್ದಿತ್ತು. ತಾತ ಹಗ್ಗದ ಮೇಲೆ ಕೈಯಾಡಿಸುತ್ತ ಬಂದರು. ಮೊದಲ ಸಾಲಿನಲ್ಲಿ ಮೂರನೇ ಕುರ್ಚಿಯ ಹತ್ತಿರ ಬಗ್ಗಿ ತಮ್ಮ ಹೆಸರನ್ನು ಗಟ್ಟಿಯಾಗಿ ಓದಿದರು. ಆಮೇಲೆ ಎಡಗಡೆ ಕುರ್ಚಿಯ ಹೆಸರು ಓದಿದರು, ಬಲಗಡೆಯದನ್ನೂ ಓದಿದರು. ಆಮೇಲೆ ಕೂತರು.