ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ 8 ಬಿಲಿಯನ್ ಮಾದರಿ

ಮೆಟಾ ಕಂಪನಿಯ ಎಐ ಭಾಷಾ ಮಾದರಿ ಲಾಮಾ 3.1ರ 8 ಬಿಲಿಯನ್ ಪ್ಯಾರಾಮೀಟರ್ (ಒಳಗಿನ ಸಂಖ್ಯೆ) ಇರುವ ಆವೃತ್ತಿ, ಒಂದೊಂದು ಸಂಖ್ಯೆಗೆ 16 ಬಿಟ್‌ನಂತೆ, ಸುಮಾರು 16 ಜಿಬಿ. ಅಷ್ಟೇ ರ‍್ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಅದು ಹಿಡಿಸುವುದಿಲ್ಲ. ಅದನ್ನೇ 4 ಬಿಟ್‌ನ ಆಸುಪಾಸಿಗೆ ಕುಗ್ಗಿಸಿದ, ಕ್ಯೂ4-ಕೆ-ಎಂ ಎಂಬ ಬಗೆಯ ಜಿಜಿಯುಎಫ್ ಕಡತ 4.9 ಜಿಬಿ; ಇಂಥ ಕಡತಗಳನ್ನು ಓಡಿಸುವ ಉಚಿತ ತಂತ್ರಾಂಶ ಲಾಮಾ ಸಿಪಿಪಿಯಲ್ಲಿ (llama.cpp) ಆರಾಮಾಗಿ ಓಡುತ್ತದೆ.

ವೇಗ ಬಹುಪಾಲು ನಿಂತಿರುವುದು ಪ್ರೊಸೆಸರ್ ಮೇಲಲ್ಲ, ರ‍್ಯಾಮ್ ಮೇಲೆ. ಉತ್ತರದ ಒಂದೊಂದು ಟೋಕನ್‌ಗೂ (ಪದ ಅಥವಾ ಪದದ ತುಂಡು) ಹೆಚ್ಚುಕಮ್ಮಿ ಇಡೀ ಕಡತವನ್ನು ಓದಬೇಕು. ಡಿಡಿಆರ್4-3200 ಬಗೆಯ ರ‍್ಯಾಮಿನ ಎರಡು ಸ್ಟಿಕ್ ಸೇರಿ ಸೆಕೆಂಡಿಗೆ 51.2 ಜಿಬಿ ಕೊಡುತ್ತವೆ. 4.9ರಿಂದ ಭಾಗಿಸಿದರೆ ಸೆಕೆಂಡಿಗೆ ಹತ್ತು ಟೋಕನ್, ಅದೇ ಮೇಲ್ಮಿತಿ. ಒಂದೇ ಸ್ಟಿಕ್ ಇದ್ದರೆ ಅದರರ್ಧ. ಹೊಸ ಯಂತ್ರ ಕೊಳ್ಳುವ ಮೊದಲು ಖಾಲಿ ಸ್ಲಾಟ್ ಇದೆಯೇ ನೋಡಿ, ದಯವಿಟ್ಟು.

ಲಾಮಾ ಸಿಪಿಪಿಯ ಥ್ರೆಡ್ (ಒಟ್ಟಿಗೆ ನಡೆಯುವ ಕೆಲಸದ ಎಳೆ) ಸಂಖ್ಯೆಯನ್ನು ಪ್ರೊಸೆಸರಿನ ನಿಜವಾದ ಕೋರ್‌ಗಳಷ್ಟೇ ಇಡಿ. ಹೆಚ್ಚಿಸಿದರೆ ಹಲವು ಸಲ ನಿಧಾನವೇ ಆಗುತ್ತದೆ.

ಹೆಚ್ಚಿನವರು ಎಡವುವುದು ಕೆವಿ ಕ್ಯಾಶೆಯಲ್ಲಿ: ಈವರೆಗಿನ ಪ್ರತಿ ಟೋಕನ್ನಿಗೂ ಮಾದರಿ ರ‍್ಯಾಮಿನಲ್ಲಿ ಇಟ್ಟುಕೊಳ್ಳುವ ಕೀ, ವ್ಯಾಲ್ಯೂ ಎಂಬ ಎರಡು ಬಗೆಯ ಅಂಕಿಗಳ ಸಂಗ್ರಹ ಅದು. ಈ ಮಾದರಿಗೆ 32 ಪದರ, ಪ್ರತಿ ಪದರಕ್ಕೆ 8 ಕೆವಿ ಹೆಡ್ (ಆ ಅಂಕಿಗಳ ಗುಂಪು), ಹೆಡ್ಡಿಗೆ ಕೀಯ 128, ವ್ಯಾಲ್ಯೂವಿನ 128 ಅಂಕಿ. 16 ಬಿಟ್‌ನಲ್ಲಿ ಟೋಕನ್ನಿಗೆ 128 ಕೆಬಿ. 8,192 ಟೋಕನ್ನಿಗೆ 1 ಜಿಬಿ. ಮಾದರಿಯ ಪೂರ್ತಿ ಮಿತಿ 1,31,072 ಟೋಕನ್ ಕೇಳಿದರೆ 16 ಜಿಬಿ! ಕಡತ ಚಿಕ್ಕದಿದ್ದರೂ ಯಂತ್ರ ರ‍್ಯಾಮ್ ಸಾಲದೆ ಡಿಸ್ಕಿಗೆ ಸ್ವಾಪ್ ಮಾಡತೊಡಗಿ ಮಂಕಾಗುವುದು ಇದರಿಂದಲೇ. ಕಾಂಟೆಕ್ಸ್ಟ್ ಗಾತ್ರವನ್ನು (ಮಾದರಿ ಒಮ್ಮೆಗೆ ಗಮನದಲ್ಲಿಡುವ ಟೋಕನ್ ಸಂಖ್ಯೆ) ನೀವೇ 8,192ಕ್ಕೆ ಕಟ್ಟಿಹಾಕಿ. ಕ್ಯಾಶೆಯನ್ನು 8 ಬಿಟ್‌ಗೆ ಇಳಿಸಿದರೆ ಜಾಗ ಅರ್ಧದ ಹತ್ತಿರ ಬರುತ್ತದೆ.

ಕನ್ನಡಕ್ಕೆ ಇನ್ನೊಂದು ಮಾತು: ಒಂದು ಕನ್ನಡ ಪದ ಹಲವು ಟೋಕನ್‌ಗಳಾಗಿ ಒಡೆಯುತ್ತದೆ. ಹಾಗಾಗಿ ಕಾಂಟೆಕ್ಸ್ಟ್ ಬೇಗ ತುಂಬುತ್ತದೆ, ಉತ್ತರವೂ ತಡ. 4 ಬಿಟ್‌ಗಿಂತ ಕೆಳಗಿಳಿಯುವ ಮುನ್ನ ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲೇ ಪ್ರಶ್ನೆ ಕೇಳಿ, ಒತ್ತಕ್ಷರ, ವಿಭಕ್ತಿ ಸರಿಯಿವೆಯೇ ಪರೀಕ್ಷಿಸಿ.