ಗುರುಮಠಕಲ್ ಕಡೆ ಪಳೆಯುಳಿಕೆ ಚಿಪ್ಪು ಹುಡುಕಲು ಹೊರಟವರಿಗೆ

ಯಾದಗಿರಿ ಜಿಲ್ಲೆಯ ಗುರುಮಠಕಲ್ ಸುತ್ತಮುತ್ತ ದಖ್ಖನ್ ಲಾವಾ ಪದರಗಳ ನಡುವೆ ಹಳೆಯ ಕೆರೆಗಳ ಕೆಸರು ಉಳಿದಿದೆ. ಸುಮಾರು 6.6 ಕೋಟಿ ವರ್ಷ ಹಳೆಯದು. ಒಂದು ಲಾವಾ ಆರಿದ ಮೇಲೆ ತಗ್ಗಿನಲ್ಲಿ ನೀರು ನಿಂತಿತು, ಬಸವನಹುಳು ಬದುಕಿದವು, ಆಮೇಲೆ ಇನ್ನೊಂದು ಲಾವಾ ಬಂದು ಮುಚ್ಚಿತು.

ಯಾದಗಿರಿವರೆಗೆ ರೈಲು, ಅಲ್ಲಿಂದ ಬಸ್ಸು. ನವೆಂಬರ್‌ನಿಂದ ಜನವರಿಯೊಳಗೆ ಹೋಗಿ. ಮಳೆಗಾಲದ ಎರೆಮಣ್ಣು ಚಪ್ಪಲಿಯನ್ನೇ ಬಿಡುವುದಿಲ್ಲ, ಏಪ್ರಿಲ್ ಬಿಸಿಲಿನ ಮಾತಂತೂ ಬೇಡ. ಹೊಲಕ್ಕೆ ಕಾಲಿಡುವ ಮೊದಲು ರೈತರನ್ನು ಕೇಳಿ.

ಗಟ್ಟಿ ಚರ್ಟ್ ಕಲ್ಲಿನಲ್ಲಿ ಚಿಪ್ಪು ಚೆನ್ನಾಗಿ ಕಾಣುತ್ತದೆ, ಆದರೆ ಬಿಡಿಸಲು ಬರುವುದಿಲ್ಲ. ಪಕ್ಕದ ಮೆತ್ತನೆಯ ಸುಣ್ಣದ ಜೇಡಿಯೇ ನಿಜವಾದ ಆಸ್ತಿ. ಪ್ರತಿ ಪದರದ ಮಣ್ಣನ್ನೂ ಬೇರೆ ಚೀಲಕ್ಕೆ ಹಾಕಿ, ಕೆಳಗಿನ ಬಸಾಲ್ಟ್‌ನಿಂದ, ಅಂದರೆ ಆರಿದ ಲಾವಾ ಕಲ್ಲಿನಿಂದ, ಎಷ್ಟು ಎತ್ತರದಲ್ಲಿತ್ತು ಎಂದು ಅಲ್ಲೇ ಚೀಟಿಯಲ್ಲಿ ಬರೆಯಿರಿ. ಈ ಚೀಟಿ ಇಲ್ಲದ ಚಿಪ್ಪು ಸುಮ್ನೆ ಷೋಕಿಗೆ, ಅಷ್ಟೇ.

ಬಸವನಹುಳುವಿನ ಚಿಪ್ಪು ಸಿಕ್ಕರೆ ಚೂಪು ತುದಿ ಮೇಲೆ ಮಾಡಿ, ಬಾಯಿ ನಿಮ್ಮತ್ತ ತಿರುಗಿಸಿ. ಬಾಯಿ ಎಡಕ್ಕಿದ್ದರೆ ಫೈಸಾ ಗುಂಪಿನದಿರಬಹುದು, ಬಲಕ್ಕಿದ್ದರೆ ಲಿಮ್ನಿಯಾದಂಥದ್ದು. ಎತ್ತರ, ಅಗಲ, ಎಷ್ಟು ಸುತ್ತು ಅನ್ನುವುದನ್ನು ಗುರುತು ಹಾಕಿಕೊಳ್ಳಿ. ಚಿಪ್ಪು ಕರಗಿ ಒಳಗಿನ ಅಚ್ಚು ಮಾತ್ರ ಉಳಿದಿದ್ದರೆ ಅದನ್ನೂ ಬರೆಯಿರಿ. ಅಂಥದಕ್ಕೆ ಪೂರ್ತಿ ಹೆಸರು ಕೊಡುವ ಆತುರ ಬೇಡ.

ಆಸ್ಟ್ರಕಾಡ್‌ಗಳ ಆಟವೇ ಬೇರೆ. ಎರಡು ಚಿಪ್ಪಿನೊಳಗೆ ಬದುಕುವ ಸೀಗಡಿ ಬಳಗದ ಜೀವಿಗಳು ಇವು, ಇಲ್ಲಿನವು ಸಾಮಾನ್ಯವಾಗಿ 1 ಮಿಲಿಮೀಟರಿನ ಆಸುಪಾಸು. ಜೇಡಿಯನ್ನು ಒಣಗಿಸಿ, ನೀರಿಗೆ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ನೆನೆಹಾಕಿ. 63 ಮೈಕ್ರಾನ್ ಜರಡಿಯಲ್ಲಿ ಮೆಲ್ಲಗೆ ತೊಳೆಯಿರಿ. ಆಸಿಡ್ ಮುಟ್ಟಬೇಡಿ, ಚಿಪ್ಪೇ ಕರಗಿಹೋಗುತ್ತದೆ. ಒಣಗಿದ್ದನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಒದ್ದೆ ಬ್ರಶ್ಶಿನ ತುದಿಯಿಂದ ಒಂದೊಂದೇ ಎತ್ತಬೇಕು. ಕತ್ತು ನೋಯುತ್ತದೆ, ಚಹಾ ಜಾಸ್ತಿ ಖರ್ಚಾಗುತ್ತದೆ!

ವಿವರ ಬರೆಯುವಾಗ ಪಕ್ಕದಿಂದ ಕಾಣುವ ಆಕಾರ, ಉದ್ದ, ಯಾವ ಚಿಪ್ಪು ಯಾವುದರ ಮೇಲೆ ಚಾಚಿದೆ, ಮೈ ನುಣುಪೋ ಗುಳಿಗುಳಿಯೋ ಎಂದು ನೋಡಿ. ಬೆರಳಚ್ಚಿನಂಥ ಗೆರೆಗಳಿದ್ದರೆ ಜೋನೊಸಿಪ್ರಿಸ್ ಎಂಬ ಆಸ್ಟ್ರಕಾಡ್ ಇರಬಹುದು. ಎರಡು ಚಿಪ್ಪು ಬೇರೆಯಾಗಿ ಒಂದೇ ಸಿಕ್ಕರೆ ಅದೃಷ್ಟ, ಒಳಗಿನ ಸ್ನಾಯು ಗುರುತು ಮತ್ತು ಕೀಲು ಕಾಣುತ್ತವೆ. ಚಿಕ್ಕದೆಲ್ಲ ಬೇರೆ ಜಾತಿ ಅಂದುಕೊಳ್ಳಬೇಡಿ. ಇವು ಬೆಳೆಯುತ್ತಾ ಹಲವು ಸಲ ಚಿಪ್ಪು ಕಳಚುತ್ತವೆ, ಮರಿಯ ಚಿಪ್ಪೂ ಪಳೆಯುಳಿಕೆಯಾಗುತ್ತದೆ.

ಸುರುಳಿ ಗೆರೆಯ ಪುಟ್ಟ ಗುಂಡು ಸಿಕ್ಕರೆ ಅದು ಆಸ್ಟ್ರಕಾಡ್ ಅಲ್ಲ, ಕಾರಾ ಎಂಬ ನೀರಿನ ಪಾಚಿಯ ಬೀಜದಂಥ ಭಾಗ. ಎಸೆಯದೆ ಬೇರೆ ಡಬ್ಬಿಗೆ ಹಾಕಿಡಿ.