ಡಿಗ್ರಿ ಓದಿದರೆ ಏನು ಸಿಗುತ್ತದೆ ಎಂದು ಕೇಳುವವರಿಗೆ

‘ಬಿ.ಕಾಂ. ಮಾಡಿದರೆ ಕೆಲಸ ಸಿಗುತ್ತದಾ ಸಾರ್?’ ಎಂಬ ಪ್ರಶ್ನೆಯನ್ನು ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಿಂದ ಪ್ರವೇಶದ ಕೊನೆಯ ದಿನದವರೆಗೂ ನಾನು ಕೇಳಿಸಿಕೊಳ್ಳುತ್ತಲೇ ಇರುತ್ತೇನೆ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುವ ನನ್ನಲ್ಲಿ ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಸಿಗುತ್ತದೆ ಎಂದರೆ ಸುಳ್ಳಾಡಿದಂತೆ, ಸಿಗುವುದಿಲ್ಲ ಎಂದರೂ ಸುಳ್ಳಾಡಿದಂತೆಯೇ. ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ತಂದೆಯೋ ಅಣ್ಣನೋ ಆಗಿರುತ್ತಾರೆ. ಓದಬೇಕಾದವರು ಅಂಕಪಟ್ಟಿಯ ಜೆರಾಕ್ಸ್ ಹಿಡಿದುಕೊಂಡು ಅವರ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾರೆ. ಮೂರು ವರ್ಷದ ನಂತರ ಅದೇ ವಿದ್ಯಾರ್ಥಿ ಟಿ.ಸಿ. ಪಡೆಯಲು ಬರುವಾಗ ಜೊತೆಯಲ್ಲಿ ಯಾರೂ ಇರುವುದಿಲ್ಲ, ಮಾತೂ ತನ್ನದೇ ಆಗಿರುತ್ತದೆ. ಕಾಲೇಜಿನಿಂದ ಆಗುವ ಲಾಭವೇನೆಂದು ಯಾರಾದರೂ ಪಟ್ಟು ಹಿಡಿದು ಕೇಳಿದರೆ ನಾನು ಮೊದಲು ತೋರಿಸುವುದು ಈ ವ್ಯತ್ಯಾಸವನ್ನು. ಅದು ಸ್ವಂತ ಬದುಕಿಗೆ ಆದ ಲಾಭವೋ ಉದ್ಯೋಗಕ್ಕೆ ಆದ ಲಾಭವೋ ಎಂದು ವಿಂಗಡಿಸಲು ನನಗೆ ಇದುವರೆಗೂ ಸಾಧ್ಯವಾಗಿಲ್ಲ.

ಮೊದಲು ಪದವಿಯ ಕಾಗದದ ಬೆಲೆಯನ್ನು ಇದ್ದಷ್ಟೇ ಹೇಳಿಬಿಡುವುದು ಒಳ್ಳೆಯದು. ಕರ್ನಾಟಕ ಲೋಕಸೇವಾ ಆಯೋಗ ದ್ವಿತೀಯ ದರ್ಜೆ ಸಹಾಯಕರ ಹುದ್ದೆಗೆ ಪಿಯುಸಿಯನ್ನು ಸಾಕೆನ್ನುತ್ತದೆ, ಪ್ರಥಮ ದರ್ಜೆ ಸಹಾಯಕರ ಹುದ್ದೆಗೆ ಪದವಿ ಕೇಳುತ್ತದೆ. ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಪೊಲೀಸ್ ಸಬ್ ಇನ್ಸ್‌ಪೆಕ್ಟರ್, ಬ್ಯಾಂಕಿನ ಪ್ರೊಬೇಷನರಿ ಆಫೀಸರ್, ಕೆ.ಎ.ಎಸ್., ಐ.ಎ.ಎಸ್. ಈ ಯಾವ ಹುದ್ದೆಗೂ ಪದವಿಯಿಲ್ಲದೆ ಆಯ್ಕೆಯಾಗುವಂತಿಲ್ಲ. ಹೈಸ್ಕೂಲು ಶಿಕ್ಷಕರಾಗಲು ಪದವಿಯ ಮೇಲೆ ಬಿ.ಎಡ್. ಬೇಕು, ನಮ್ಮಂತೆ ಕಾಲೇಜಿನಲ್ಲಿ ಪಾಠ ಮಾಡಲು ಸ್ನಾತಕೋತ್ತರ ಪದವಿಯ ಜೊತೆಗೆ ಸಾಮಾನ್ಯವಾಗಿ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಅರ್ಹತೆಯ ಮಟ್ಟಿಗೆ ಪದವಿಗೆ ಬದಲಿಯಿಲ್ಲ. ಆದರೆ ಅರ್ಹತೆಯೆಂಬುದು ಅರ್ಜಿ ಹಾಕುವ ಹಕ್ಕು ಮಾತ್ರ. ಪದವೀಧರರಲ್ಲಿ ನಿರುದ್ಯೋಗದ ಪ್ರಮಾಣ ಅಕ್ಷರ ಕಲಿಯದವರಲ್ಲಿ ಇರುವುದಕ್ಕಿಂತ ಹೆಚ್ಚೆಂದು ಕೇಂದ್ರ ಸರ್ಕಾರದ ಶ್ರಮಶಕ್ತಿ ಸಮೀಕ್ಷೆಗಳೇ ಹೇಳುತ್ತಿವೆ. ಅದಕ್ಕೆ ಕಾರಣವೂ ಗೂಢವೇನಲ್ಲ: ಓದದವರಿಗೆ ಕೆಲಸವಿಲ್ಲದೆ ಕೂರಲು ಸಾಧ್ಯವಿಲ್ಲ, ಓದಿದವರು ಓದಿಗೆ ತಕ್ಕ ಕೆಲಸಕ್ಕಾಗಿ ಕಾಯುತ್ತಾರೆ. ರಾಜ್ಯ ಸರ್ಕಾರ ಯುವನಿಧಿ ಯೋಜನೆಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡಲು ಮುಂದಾಗಿದ್ದೇ ಈ ಕಾಯುವಿಕೆಯ ಗಾತ್ರವನ್ನು ತೋರಿಸುತ್ತದೆ.

ಇಷ್ಟನ್ನು ಒಪ್ಪಿಕೊಂಡ ಮೇಲೂ ಮಕ್ಕಳನ್ನು ಕಾಲೇಜಿಗೆ ಕಳಿಸಿ ಎಂದು ನಾನು ಹೇಳುವುದಕ್ಕೆ ಕಾರಣಗಳಿವೆ.

ನಮ್ಮ ವಿಭಾಗದ ವಿದ್ಯಾರ್ಥಿಗಳಲ್ಲಿ ಕೆಲವರು ಎರಡನೇ ವರ್ಷದಲ್ಲಿರುವಾಗಲೇ ಊರಿನ ತೆರಿಗೆ ಸಲಹೆಗಾರರ ಕಚೇರಿಗಳಲ್ಲಿ ಮಧ್ಯಾಹ್ನದ ಹೊತ್ತು ಕೆಲಸಕ್ಕೆ ಸೇರುತ್ತಾರೆ. ಜನರ ಬಾಯಲ್ಲಿ ಅದು ‘ಆಡಿಟರ್ ಆಫೀಸು’. ಅಲ್ಲಿ ಅವರಿಗೆ ಮೊದಲು ಸಿಗುವುದು ಗೊಬ್ಬರದ ಅಂಗಡಿಯದೋ ಹಾರ್ಡ್‌ವೇರ್ ಅಂಗಡಿಯದೋ ಬಿಲ್ಲುಗಳ ಕಟ್ಟು. ಅದನ್ನು ತಾರೀಖಿನ ಪ್ರಕಾರ ಜೋಡಿಸಿ, ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಏರಿಸಿ, ತಿಂಗಳ 11ನೇ ತಾರೀಖಿನೊಳಗೆ ಮಾರಾಟದ ವಿವರವಾದ ಜಿಎಸ್‌ಟಿಆರ್-1, 20ನೇ ತಾರೀಖಿನೊಳಗೆ ಕಟ್ಟಬೇಕಾದ ತೆರಿಗೆಯ ಲೆಕ್ಕವಾದ ಜಿಎಸ್‌ಟಿಆರ್-3ಬಿ ಸಲ್ಲಿಸಲು ಸಿದ್ಧ ಮಾಡಿಕೊಡಬೇಕು. ಹೀಗೆ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಒಂದು ದಿನ ತರಗತಿ ಮುಗಿದ ಮೇಲೆ ನನ್ನ ಬಳಿ ಬಂದು, ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಪುಸ್ತಕದಲ್ಲಿ ಆಸ್ತಿಯ ಕಡೆಗೆ ಏಕೆ ತೋರಿಸುತ್ತಾರೆ, ಅದು ಖರ್ಚಲ್ಲವೇ ಎಂದು ಕೇಳಿದ. ಸರ್ಕಾರದಿಂದ ಹೊಂದಿಸಿಕೊಳ್ಳಬಹುದಾದ ಹಣವಾದ್ದರಿಂದ ಅದು ನಮಗೆ ಬರಬೇಕಾದ ಬಾಕಿಯಂತೆ ಎಂದು ನಾನು ವಿವರಿಸುವಷ್ಟರಲ್ಲಿ ಅವನೇ ಮುಂದಿನ ನಮೂದನ್ನು ಹೇಳಿ ಮುಗಿಸಿದ್ದ. ಮೊದಲ ವರ್ಷದಲ್ಲಿ ಡೆಬಿಟ್ಟು ಕ್ರೆಡಿಟ್ಟುಗಳ ನಿಯಮವನ್ನು ಮಗ್ಗಿಯಂತೆ ಒಪ್ಪಿಸಿದ್ದ ಹುಡುಗನಿಗೆ ಅಂಗಡಿಯ ಬಿಲ್ಲು ಕೈಗೆ ಬಂದ ದಿನ ಆ ನಿಯಮದ ಅರ್ಥವಾಯಿತು. ಕೆಲಸದಲ್ಲಿಯೇ ಕಲಿಯಬಹುದಾದರೆ ಕಾಲೇಜು ಏಕೆ ಎಂದು ಕೇಳುವವರಿದ್ದಾರೆ. ಅದೇ ಕಚೇರಿಯಲ್ಲಿ ಕಾಲೇಜಿಗೆ ಹೋಗದೆ ಸೇರಿದವರೂ ಇದ್ದಾರೆ. ಕೈ ಚುರುಕು, ಟ್ಯಾಲಿಯಲ್ಲಿ ನಮ್ಮ ಹುಡುಗರಿಗಿಂತ ಒಂದು ಕೈ ಮೇಲು. ಆದರೆ ತೆರಿಗೆಯ ದರವೋ ನಮೂನೆಯೋ ಬದಲಾದಾಗ ಅವರು ಇನ್ನೊಬ್ಬರು ಹೇಳಿಕೊಡುವುದನ್ನು ಕಾಯುತ್ತಾರೆ, ಕಾರಣ ಗೊತ್ತಿರುವವರು ಸುತ್ತೋಲೆಯನ್ನು ತಾವೇ ಓದಿಕೊಳ್ಳುತ್ತಾರೆ. ಪಠ್ಯದಿಂದ ವೃತ್ತಿಗೆ ಆಗುವ ಉಪಕಾರ ನನಗೆ ಕಂಡಂತೆ ಇಷ್ಟು, ಇದು ಸಣ್ಣದೇನಲ್ಲ.

ಪಠ್ಯದ ಹೊರಗಿನದು ಇನ್ನೂ ದೊಡ್ಡದು. ಹದಿನೆಂಟು ವರ್ಷದವರೆಗೆ ನಮ್ಮ ಭಾಗದ ಬಹುಪಾಲು ಮಕ್ಕಳ ಪರವಾಗಿ ಬೇರೆ ಯಾರೋ ಮಾತನಾಡಿರುತ್ತಾರೆ. ಪದವಿ ಕಾಲೇಜಿಗೆ ಬಂದ ಮೊದಲ ತಿಂಗಳಲ್ಲಿಯೇ ವಿದ್ಯಾರ್ಥಿವೇತನದ ತಂತ್ರಾಂಶದಲ್ಲಿ ಅರ್ಜಿ ಹಾಕಬೇಕು. ಅದಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಬೇಕು, ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ನಾಡಕಚೇರಿಗೆ ಹೋಗಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ವಿಚಾರಿಸಬೇಕು. ಆಧಾರಿನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರಂತೂ ಕಥೆ ಮುಗಿಯುವುದೇ ಇಲ್ಲ. ಈ ಅಲೆದಾಟವನ್ನು ನಾನು ಹೊಗಳುತ್ತಿಲ್ಲ. ಸರ್ಕಾರ ಇದನ್ನು ಸುಲಭ ಮಾಡಬೇಕು. ಆದರೂ ಕೌಂಟರಿನ ಮುಂದೆ ನಿಂತು, ‘ನಾಳೆ ಬಾ’ ಎಂದವರಿಗೆ ‘ನಾಳೆ ಬಂದರೆ ಆಗುತ್ತದೆಯೇ ಸಾರ್, ಇನ್ನೇನು ತರಬೇಕು ಬರೆದುಕೊಡಿ’ ಎಂದು ಮರ್ಯಾದೆಯಿಂದಲೇ ಕೇಳುವ ಧೈರ್ಯ ಬಂದಿರುವುದು ಇಲ್ಲಿಯೇ. ಹಾಗೆ ಕೇಳಲು ಕಲಿತವರ ಮನೆಯಲ್ಲಿ ಆಮೇಲೆ ಅಜ್ಜಿಯ ಪಿಂಚಣಿ, ಅಪ್ಪನ ಬೆಳೆ ವಿಮೆ, ಪಹಣಿಯ ತಿದ್ದುಪಡಿ ಎಲ್ಲವೂ ಅವರ ಕೈಗೇ ಬರುತ್ತವೆ.

ಸಭಿಕರ ಎದುರು ನಿಂತು ಮಾತನಾಡುವುದನ್ನೂ ಇದರೊಡನೆ ಸೇರಿಸಬೇಕು. ಕಾಲೇಜಿನ ಕಾರ್ಯಕ್ರಮಗಳಲ್ಲಿ ಸ್ವಾಗತ ಭಾಷಣಕ್ಕೆ ಪೈಪೋಟಿಯಿದ್ದರೆ ವಂದನಾರ್ಪಣೆಗೆ ಯಾರೂ ಮುಂದೆ ಬರುವುದಿಲ್ಲ. ಆದ್ದರಿಂದ ಅದು ಸಾಮಾನ್ಯವಾಗಿ ಹಿಂದಿನ ಬೆಂಚಿನವರ ಪಾಲಾಗುತ್ತದೆ. ಚೀಟಿ ಹಿಡಿದ ಕೈ ನಡುಗುತ್ತದೆ, ಪ್ರಾಂಶುಪಾಲರ ಹೆಸರಿಗೆ ಮೊದಲೇ ಶಾಮಿಯಾನದವರಿಗೆ ಧನ್ಯವಾದ ಸಲ್ಲುತ್ತದೆ, ಸಭಿಕರು ನಗುತ್ತಾರೆ. ಮುಂದಿನ ವರ್ಷ ಅದೇ ಹುಡುಗಿ ಚೀಟಿಯಿಲ್ಲದೆ ನಿರೂಪಣೆ ಮಾಡುವುದನ್ನು ನಾನು ಕಂಡಿದ್ದೇನೆ. ನಗುವವರ ಎದುರಿಗೆ ತಪ್ಪಿ, ಮರುದಿನ ಅವರ ಜೊತೆಯಲ್ಲಿಯೇ ಕುಳಿತು ಊಟ ಮಾಡುವ ಅವಕಾಶ ಕಾಲೇಜಿನಲ್ಲಿ ಇರುವಷ್ಟು ಮುಂದೆ ಇರುವುದಿಲ್ಲ. ಉದ್ಯೋಗದ ಸಂದರ್ಶನದಲ್ಲಿ ತಪ್ಪಿದರೆ ಎರಡನೇ ಸರದಿ ಯಾರೂ ಕೊಡುವುದಿಲ್ಲ.

ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ನಮ್ಮೆಲ್ಲರ ಎನ್ನೆಸ್ಸೆಸ್ಸು, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾಯಿತು. ಎರಡು ವರ್ಷದಲ್ಲಿ 240 ಗಂಟೆಗಳ ಸೇವೆ ಮತ್ತು ಏಳು ದಿನಗಳ ಒಂದು ವಿಶೇಷ ಶಿಬಿರ ಅದರ ಲೆಕ್ಕ. ಪ್ರಮಾಣಪತ್ರಕ್ಕಾಗಿ ಸೇರುವವರೇ ಹೆಚ್ಚು, ಅದರಲ್ಲಿ ತಪ್ಪೇನೂ ಇಲ್ಲ. ಶಿಬಿರ ಯಾವುದೋ ಹಳ್ಳಿಯ ಶಾಲೆಯಲ್ಲಿ ನಡೆಯುತ್ತದೆ. ಬೆಳಿಗ್ಗೆ ಪ್ರಭಾತಫೇರಿ, ಅನಂತರ ಕಲ್ಯಾಣಿಯ ಹೂಳು ತೆಗೆಯುವುದೋ ಚರಂಡಿ ಸ್ವಚ್ಛ ಮಾಡುವುದೋ, ಸಂಜೆ ಉಪನ್ಯಾಸ, ರಾತ್ರಿ ಹಾಡು ಕುಣಿತ. ಅಡುಗೆಯ ಸರದಿ ಎಲ್ಲರಿಗೂ ಬರುತ್ತದೆ. ಮನೆಯಲ್ಲಿ ತಿಂದ ತಟ್ಟೆಯನ್ನು ಎತ್ತಿಡದ ಹುಡುಗರು ಇಲ್ಲಿ ನೂರು ಜನರ ಉಪ್ಪಿಟ್ಟಿನ ಕೊಪ್ಪರಿಗೆ ಉಜ್ಜುತ್ತಾರೆ. ಯಾರ ಕೈಯ ಊಟ ಯಾರು ಮಾಡಬಹುದು ಎಂಬ ಊರಿನ ಲೆಕ್ಕಾಚಾರ ಇಂದಿಗೂ ಪೂರ್ತಿ ಅಳಿದಿಲ್ಲ. ಏಳು ದಿನ ಒಂದೇ ಕೊಪ್ಪರಿಗೆಯ ಅನ್ನ ಉಂಡವರಿಗೆ ಅದನ್ನು ಮತ್ತೆ ಪಾಲಿಸಲು ನಾಚಿಕೆಯಾಗುತ್ತದೆ. ಎಲ್ಲರಿಗೂ ಆಗುತ್ತದೆ ಎಂದು ನಾನು ಹೇಳಲಾರೆ, ಕೆಲವರಿಗಂತೂ ಆಗುತ್ತದೆ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ನಮ್ಮ ತರಗತಿಗಳಲ್ಲಿ ಅವರ ಸಂಖ್ಯೆಯೇ ಹೆಚ್ಚು. ಪಿಯುಸಿ ಮುಗಿದು ಹದಿನೆಂಟು ತುಂಬಿದೊಡನೆ ಮನೆಯಲ್ಲಿ ಜಾತಕ ಹೊರಬರುತ್ತದೆ. ‘ಓದುತ್ತಿದ್ದಾಳೆ’ ಎಂಬ ಒಂದು ಮಾತು ಆ ಜಾತಕವನ್ನು ಮೂರು ವರ್ಷ ಒಳಗಿಡಿಸುತ್ತದೆ. ಪದವಿಯಿಂದ ಅವರಿಗೆ ಸಿಗುವ ಅತಿ ದೊಡ್ಡ ವಸ್ತು ಈ ಕಾಲಾವಕಾಶ ಎಂದು ನಾನು ನಂಬಿದ್ದೇನೆ. ಹದಿನೆಂಟರಲ್ಲಿ ಬೇಡ ಎನ್ನಲು ಬಾರದ ಹುಡುಗಿ ಇಪ್ಪತ್ತೊಂದರಲ್ಲಿ ‘ಬಿ.ಎಡ್. ಆಗಲಿ, ಆಮೇಲೆ ನೋಡೋಣ’ ಎನ್ನುತ್ತಾಳೆ. ಮದುವೆಗೆ ಒಪ್ಪಿದರೂ ಕೆಲಸಕ್ಕೆ ಹೋಗುತ್ತೇನೆ ಎಂಬ ಮಾತನ್ನು ಮೊದಲೇ ಆಡಿಯೇ ಒಪ್ಪುತ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಪಾಸಿನ ಹಣದ ನೆಪವೂ ಹೋಯಿತು. ಉಚಿತ ಪ್ರಯಾಣವನ್ನು ದೇವಸ್ಥಾನಗಳ ಓಡಾಟಕ್ಕೆ ಕೊಟ್ಟ ಸೌಲಭ್ಯವೆಂಬಂತೆ ಗೇಲಿ ಮಾಡುವವರು ಬೆಳಿಗ್ಗೆ ಎಂಟೂವರೆಯ ಬಸ್ಸಿನ ಫುಟ್‌ಬೋರ್ಡಿನವರೆಗೂ ತುಂಬಿದ ಕಾಲೇಜು ಹುಡುಗಿಯರನ್ನು ಒಮ್ಮೆ ನೋಡಬೇಕು. ಓದಿದ ಮೇಲೂ ಬಹಳ ಮಂದಿ ಮನೆಯಲ್ಲಿಯೇ ಉಳಿಯುತ್ತಾರೆ ಎಂಬ ಆಕ್ಷೇಪ ನಿಜ. ಆದರೆ ಸ್ವಸಹಾಯ ಸಂಘದ ಪುಸ್ತಕ ಬರೆಯುವವರು, ಹಾಲಿನ ಡೈರಿಯ ಲೆಕ್ಕ ಪ್ರಶ್ನಿಸುವವರು, ಮಕ್ಕಳ ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಎದ್ದು ನಿಲ್ಲುವವರು ಯಾರೆಂದು ವಿಚಾರಿಸಿದರೆ ನನ್ನ ಹಳೆಯ ವಿದ್ಯಾರ್ಥಿನಿಯರ ಹೆಸರುಗಳೇ ಬರುತ್ತವೆ. ಇದನ್ನು ಉದ್ಯೋಗದ ಲೆಕ್ಕಕ್ಕೆ ಯಾವ ಸಮೀಕ್ಷೆಯೂ ಹಿಡಿಯುವುದಿಲ್ಲ.

ಮನೆಯಿಂದ ದೂರ ಹೋಗಿ ಓದುವುದೇ ಒಂದು ಶಿಕ್ಷಣವೆಂದು ಹಿಂದಿನವರು ಹೇಳುತ್ತಿದ್ದುದರಲ್ಲಿ ಹುರುಳಿದೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಸಂಸ್ಥಾನದ ಕಾಲೇಜುಗಳು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವ ಮೊದಲು ಆ ಭಾಗದ ಹುಡುಗರು ಪದವಿಗಾಗಿ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಹೋದವರು ಬೆರಳೆಣಿಕೆಯಷ್ಟು, ಆದರೆ ಹೋದವರಿಗೆ ಹೊಸ ಊರು, ಹೊಸ ಭಾಷೆ, ಉಚಿತ ವಿದ್ಯಾರ್ಥಿನಿಲಯದ ಹಂಚಿಕೊಂಡ ಕೋಣೆ, ವಾರಾನ್ನದ ಮನೆಗಳು ಎಲ್ಲವೂ ಪಾಠವಾದವು. ಇಂದು ಕಾಲೇಜು ತಾಲ್ಲೂಕಿಗೆ ಬಂದಿದೆ, ಕೆಲವು ಕಡೆ ಹೋಬಳಿಗೂ ಬಂದಿದೆ. ಇದರಿಂದ ಎಷ್ಟೋ ಮನೆಗಳ ಮೊದಲ ಪದವೀಧರರು ಹುಟ್ಟಿದ್ದಾರೆ. ಆದರೂ 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ 18ರಿಂದ 23ರ ವಯೋಮಾನದ ಒಟ್ಟು ದಾಖಲಾತಿಯ ಅನುಪಾತ ಶೇ. 28.4 ಮಾತ್ರ ಎಂಬುದನ್ನು ಮರೆಯುವಂತಿಲ್ಲ. ಕಾಲೇಜು ಹತ್ತಿರವಾದದ್ದರಿಂದ ಹೋದದ್ದೂ ಒಂದಿದೆ: ನಮ್ಮ ವಿದ್ಯಾರ್ಥಿ ರಾತ್ರಿಗೆ ಮನೆ ಸೇರುತ್ತಾನೆ, ಹಳೆಯ ಗೆಳೆಯರ ಜೊತೆ ಅದೇ ಅರಳಿಕಟ್ಟೆಯ ಮೇಲೆ ಕೂರುತ್ತಾನೆ. ಅಪರಿಚಿತರ ನಡುವೆ ಅವನು ಕಳೆಯುವುದು ದಿನಕ್ಕೆ ನಾಲ್ಕೈದು ಗಂಟೆ ಮಾತ್ರ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ವಿದ್ಯಾರ್ಥಿನಿಲಯಗಳಲ್ಲಿ ಇರುವವರು ಸಾರು ತೆಳ್ಳಗಾಯಿತೆಂದು ದೂರುತ್ತಲೇ ಉಳಿದವರಿಗಿಂತ ಬೇಗ ಗಟ್ಟಿಯಾಗುವುದನ್ನು ನಾನು ಗಮನಿಸಿದ್ದೇನೆ.

ಸಾಲ ಮಾಡಿಯಾದರೂ ಬೆಂಗಳೂರಿನ ಖಾಸಗಿ ಕಾಲೇಜಿಗೆ ಸೇರಿಸಲೇ ಎಂದು ಕೇಳುವ ಪೋಷಕರಿಗೆ ನನ್ನ ಉತ್ತರ ಬಿ.ಕಾಂ., ಬಿ.ಎ.ಗಳ ಮಟ್ಟಿಗೆ ಬೇಡ ಎಂದೇ. ಅಲ್ಲಿ ಕ್ಯಾಂಪಸ್ ಸಂದರ್ಶನಗಳು ಹೆಚ್ಚು, ಇಂಗ್ಲಿಷ್ ಬೇಗ ಬಾಯಿಗೆ ಬರುತ್ತದೆ, ಅದು ನಿಜ. ಆದರೆ ಲಕ್ಷಗಟ್ಟಲೆ ಸಾಲದ ಕಂತು ಕಟ್ಟಬೇಕಾದವರು ಸಿಕ್ಕಿದ ಮೊದಲ ಕೆಲಸಕ್ಕೆ ಕಟ್ಟುಬೀಳುತ್ತಾರೆ; ಪರೀಕ್ಷೆಗೆ ಓದಲು, ಎಂ.ಕಾಂ. ಮಾಡಲು, ಒಂದು ವರ್ಷ ಬೇರೆ ಏನನ್ನಾದರೂ ಪ್ರಯತ್ನಿಸಲು ಅವರಿಗೆ ಬಿಡುವಿರುವುದಿಲ್ಲ. ಸರ್ಕಾರಿ ಕಾಲೇಜಿನ ಅಲ್ಪ ಶುಲ್ಕ ಉಳಿಸಿಕೊಡುವುದು ಈ ಬಿಡುವನ್ನು. ಪದವಿ ನಾಲ್ಕು ವರ್ಷವೋ ಮೂರು ವರ್ಷವೋ ಎಂಬ ಗೊಂದಲವಂತೂ ನಮ್ಮ ರಾಜ್ಯದಲ್ಲಿ 2021ರಿಂದ 2024ರವರೆಗೆ ನಡೆದು ಮತ್ತೆ ಮೂರಕ್ಕೇ ನಿಂತಿದೆ. ಬಡವರ ಮನೆಗೆ ಮೂರೇ ಸರಿ.

ನಮ್ಮಂಥ ಕಾಲೇಜುಗಳಲ್ಲಿ ಈ ಲಾಭಗಳು ಕೈತಪ್ಪುವುದು ಬಹುತೇಕ ಒಂದೇ ಕಡೆ. ಪಾಠ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತದೆ, ಹಳ್ಳಿಗಳ ಕಡೆಯ ಬಸ್ಸು ಎರಡು ಗಂಟೆಗೆ ಹೊರಡುತ್ತದೆ, ಅದು ತಪ್ಪಿದರೆ ಮುಂದಿನದು ಐದೂವರೆಗೆ. ಗ್ರಂಥಾಲಯ, ಚರ್ಚಾಸ್ಪರ್ಧೆಯ ತಯಾರಿ, ಸ್ಪರ್ಧಾತ್ಮಕ ಪರೀಕ್ಷೆಗಳ ಓದು, ಆಟದ ಮೈದಾನ, ಮೇಷ್ಟರ ಬಳಿ ಕುಳಿತು ಕೇಳಬೇಕಾದ ಸಂದೇಹ ಎಲ್ಲವೂ ಆ ಮಧ್ಯಾಹ್ನದ ಹೊತ್ತಿನವು. ಎರಡು ಗಂಟೆಯ ಬಸ್ಸು ಹಿಡಿಯುವವರಿಗೆ ಕಾಲೇಜೆಂದರೆ ನಾಲ್ಕು ಪಿರಿಯಡ್ಡು ಮತ್ತು ಅಂಕಪಟ್ಟಿ ಅಷ್ಟೇ ಆಗಿಬಿಡುತ್ತದೆ. ಐದೂವರೆಯವರೆಗೆ ಉಳಿಯಲು ಹೆಣ್ಣುಮಕ್ಕಳ ಮನೆಯವರು ಒಪ್ಪುವುದಿಲ್ಲ, ಕತ್ತಲಾಗುತ್ತದೆ ಎನ್ನುತ್ತಾರೆ. ಉಳಿದರೂ ಮಧ್ಯಾಹ್ನದ ಊಟಕ್ಕೆ ಏನು ಮಾಡಬೇಕೆಂಬ ಪ್ರಶ್ನೆ ಬರುತ್ತದೆ. ನಾಲ್ಕು ಗಂಟೆಗೆ ಒಂದು ಬಸ್ಸು ಬಿಡಿ ಎಂದು ವಿದ್ಯಾರ್ಥಿಗಳೇ ಬರೆದು, ತಾವೇ ಸಹಿ ಸಂಗ್ರಹಿಸಿ, ಡಿಪೊ ವ್ಯವಸ್ಥಾಪಕರಿಗೆ ಕೊಟ್ಟು ಬಂದ ಮನವಿಯ ಒಂದು ಪ್ರತಿ ನಮ್ಮ ವಿಭಾಗದ ಕಡತದಲ್ಲಿದೆ. ಬಸ್ಸು ಇನ್ನೂ ಬಂದಿಲ್ಲ. ಮನವಿಯ ಭಾಷೆಯಲ್ಲಿ ನಾನು ತಿದ್ದಬೇಕಾದದ್ದು ಏನೂ ಇರಲಿಲ್ಲ.